ಅಡ್ಡಗೋಡೆಯ ದೀಪ ಮೆಟ್ಟಿಲಿಳಿದದ್ದು

ಗಂಡ: ಆ ಮೂರನೇ ಚಿತ್ರ ತೆಗಿ. ಮಿಕ್ಕಿದ್ದು ಏನು ಬೇಕಾದರೂ ಇಟ್ಕೋ.

ಹೆಂಡತಿ: ಅದನ್ನ ತೆಗೆದರೆ ಮಿಕ್ಕಿದ್ದು ಯಾರಿಗೂ ಅರ್ಥ ಆಗಲ್ಲ ರೀ. ಇಡೀ ಭಾಷಣ ನಿಂತಿರೋದೇ ಅದರ ಮೇಲೆ.

ಗಂಡ: ಭಾಷಣ ನನ್ನ ಮೇಲೆ ನಿಂತ್ಕೊಳ್ಳೋದು ಬೇಡ. ನನಗೆ ಭಾರ ಆಗುತ್ತೆ.

ಹೆಂಡತಿ: ನಿಮ್ಮ ಹೆಸರು ಎಲ್ಲಿದೆ ಅದರಲ್ಲಿ? 'ನಮ್ಮ ಮನೆಯವರು' ಅಂತ ಇದೆ, ಅಷ್ಟೇ.

ಗಂಡ: ನಿನಗೆ ಎಷ್ಟು ಜನ ಮನೆಯವರು?

ಹೆಂಡತಿ ಕಂಪ್ಯೂಟರಿನ ಪರದೆಯನ್ನು ಅವನ ಕಡೆಗೆ ತಿರುಗಿಸಿದಳು. ಚಿತ್ರದಲ್ಲಿ ಒಂದು ಮೆಟ್ಟಿಲ ಸಾಲು. ಮೇಲೊಬ್ಬಳು ಹೆಂಗಸು, ಕೆಳಗೊಬ್ಬಳು ಹೆಂಗಸು, ನಡುವೆ ತೂತುಬಿದ್ದ ಬಕೆಟ್ ಹಿಡಿದು ಇಳಿಯುತ್ತಿರುವ ಒಬ್ಬ ಗಂಡಸು. ಗಂಡಸಿಗೆ ಮುಖ ಬರೆದಿರಲಿಲ್ಲ, ಬರಿಯ ಕನ್ನಡಕ ಬರೆದಿತ್ತು. ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನನ್ನು ಗುರುತಿಸಲು ಅದಕ್ಕಿಂತ ಹೆಚ್ಚಿನ ಮುಖ ಬೇಕಾಗಿಯೂ ಇರಲಿಲ್ಲ. ಚಿತ್ರದ ಅಡಿಯಲ್ಲಿ ದಪ್ಪಕ್ಷರದ ಎರಡು ಪದ: 'ಸೋರುವ ದಾರಿ'.

ಗಂಡ: ನಾಳೆ ಮುಂದಿನ ಸಾಲಲ್ಲಿ ಸಮಿತಿಯ ಅಧ್ಯಕ್ಷರು ಕೂರ್ತಾರೆ. ಅವರ ಮೂಗಿನ ಮೇಲೆ ಕೂರೋ ಕನ್ನಡಕ ನನ್ನ ಅಂಗಡೀದು. ಹೊಸದು ಬೆಳಿಗ್ಗೆ ಕೊಡ್ತೀನಿ ಅಂದಿದ್ದೀನಿ. (ತುಸು ಯೋಚಿಸಿ) ಕೊಡೋದು ಒಂದು ದಿನ ತಡ ಆಯ್ತು ಅನ್ನು...

ಹೆಂಡತಿ: ತಡ ಆದರೆ ಅವರಿಗೆ ಮೂರನೇ ಚಿತ್ರ ಒಂದೇ ಅಲ್ಲ, ಯಾವ ಚಿತ್ರಾನೂ ಕಾಣಲ್ಲ. ಆಮೇಲೆ ನನಗೆ ನನ್ನ ಗಾಜಿನ ಎಳೇನೂ ಕಾಣಲ್ಲ.

ಗಾಜಿನ ಎಳೆಯ ಮಾತು ಬಂದೊಡನೆ ಅವನು ತಣ್ಣಗಾದ. ಗಂಡ ಹೆಂಡತಿ ಇಬ್ಬರದೂ ಬೆಳಕಿನ ವ್ಯಾಪಾರವೇ. ಅವನು ಬೆಳಕನ್ನು ಗಾಜಿನ ಮೂಲಕ ಕಣ್ಣಿಗೆ ಕಳಿಸುವವನು, ಅವಳು ಬೆಳಕನ್ನು ಗಾಜಿನ ಎಳೆಯ ಮೂಲಕ ಊರಾಚೆಗೆ ಕಳಿಸುವವಳು. ವ್ಯತ್ಯಾಸ ಇಷ್ಟೇ: ಕಾಣದಿದ್ದರೆ ಅವನ ಗಿರಾಕಿಗಳು ಬಯ್ಯುತ್ತಾರೆ, ಕಂಡುಬಿಟ್ಟರೆ ಅವಳ ಕೆಲಸ ಕೆಡುತ್ತದೆ. ಪ್ರಯೋಗಾಲಯದಿಂದ ಊರಾಚೆಯ ಇನ್ನೊಂದು ಕಟ್ಟಡದವರೆಗೆ ನೆಲದಡಿ ಹಾಕಿದ್ದ ಆ ಎಳೆ ಅವಳ ಬಳಿ ಉಳಿಯಬೇಕೋ, ಬೇರೆ ಯಾರಿಗಾದರೂ ಹೋಗಬೇಕೋ ಎಂಬುದನ್ನು ನಾಳೆ ಅವಳ ಭಾಷಣ ಕೇಳಿ, ದುಡ್ಡು ಕೊಡುವ ಸಮಿತಿ ತೀರ್ಮಾನಿಸಲಿತ್ತು. ಹೋದ ವರ್ಷ ಅವಳು ಇದೇ ಸಮಿತಿಗೆ ಅಚ್ಚುಕಟ್ಟಾಗಿ ವಿವರಿಸಿದ್ದಳು, ಲೆಕ್ಕ ಸಮೇತ. ದಾರಿಯಲ್ಲಿ ಅರ್ಧದಷ್ಟು ಬೆಳಕು ಕಳೆದುಹೋಗುತ್ತದೆ ಎಂದಾಗ ಅಧ್ಯಕ್ಷರು ಎಚ್ಚೆತ್ತು, ಹಾಗಿದ್ದರೆ ಮುಂದಿನ ಸಲ ಅರ್ಧ ದುಡ್ಡು ಸಾಕಲ್ಲವೇ ಎಂದು ಕೇಳಿದ್ದರು. ಆದ್ದರಿಂದ ಈ ಸಲ ಲೆಕ್ಕದ ಜಾಗದಲ್ಲಿ ಗಂಡನನ್ನು ಕೂರಿಸಿದ್ದಳು. ಲೆಕ್ಕ ಎಲ್ಲರಿಗೂ ಬರುವುದಿಲ್ಲ. ಗಂಡ ಅಥವಾ ಗಂಡನಂಥವನು ಎಲ್ಲರ ಮನೆಯಲ್ಲೂ ಇರುತ್ತಾನೆ.

ಹಾಗೆ ನೋಡಿದರೆ ಚಿತ್ರದಲ್ಲಿ ಸುಳ್ಳೇನೂ ಇರಲಿಲ್ಲ. ಮೇಲಿನ ಮನೆಯಲ್ಲಿ ಇವರಿಬ್ಬರು, ಕೆಳಗಿನ ಮನೆಯಲ್ಲಿ ಅವನ ಅಮ್ಮ. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಯಾರು ಬೇಕು, ಯಾವ ನಂಬರು, ಒಂದೇ ಮಾತಿನಲ್ಲಿ ಹೇಳಿ ಎಂದು ಜನ್ಮವಿಡೀ ಕೇಳಿ ಕೇಳಿ ಎರಡನೆಯ ಮಾತು ಕಂಡರಾಗದವಳು. ಸೊಸೆಗೋ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಅಪಚಾರ, ಅವಳ ವಿಜ್ಞಾನವೇ ಅದನ್ನು ಒಪ್ಪುವುದಿಲ್ಲ. ಮದುವೆಯಾದ ಹೊಸದರಲ್ಲಿ ಇಬ್ಬರೂ ನೇರವಾಗಿ ಮಾತಾಡಿ ನೋಡಿದರು. ಆಮೇಲೆ ಸೂಕ್ಷ್ಮದ ವಿಷಯಗಳಿಗೆಲ್ಲ ನಡುವೆ ಒಂದು ಮೆತ್ತನೆಯ ವಸ್ತು ಇರಲಿ ಎಂದು ಇವನನ್ನು ಹಾಕಿಕೊಂಡರು. ಅಂದಿನಿಂದ ಮೆಟ್ಟಿಲು ಇವನ ಪಾಲಿಗೆ ಬಂತು.

ಎಕ್ಸ್‌ಚೇಂಜು ಮುಚ್ಚಿದಾಗ ಅಮ್ಮ ನೆನಪಿಗೆಂದು ಎರಡು ಕರಿಯ ಟೆಲಿಫೋನುಗಳನ್ನು ತಂದಿದ್ದಳು. ಒಂದು ಕೆಳಗೆ ಅವಳ ಮೇಜಿನ ಮೇಲೆ, ಇನ್ನೊಂದು ಮೇಲೆ ಸೊಸೆಯ ಪುಸ್ತಕದ ಕಪಾಟಿನಲ್ಲಿ. ಎರಡೂ ಸತ್ತ ಫೋನುಗಳು. ವಾರಕ್ಕೊಮ್ಮೆ ಅವುಗಳ ಧೂಳು ಒರೆಸುವುದೂ ಇವನ ಪಾಲಿಗೇ.

ಗಂಡ: ನಾನು ಸೋರ್ತೀನಿ ಅನ್ನೋದಕ್ಕೆ ಸಾಕ್ಷಿ ಏನಿದೆ?

ಹೆಂಡತಿ: ಸೋರೋದೊಂದೇ ಆಗಿದ್ದರೆ ನಾನು ಚಿತ್ರ ಬರೀತಾನೇ ಇರಲಿಲ್ಲ. ಗಾಜೂ ಸೋರುತ್ತೆ, ಅದಕ್ಕೆ ನಾನೇನು ಬಯ್ತೀನಾ? ನೀವು ದಾರೀಲಿ ಇಣುಕ್ತೀರಿ, ನಕಲು ತೆಗೀತೀರಿ, ಸಾಲದ್ದಕ್ಕೆ ದನಿ ಏರಿಸಿ ಹೇಳ್ತೀರಿ.

ಗಂಡ: ನಕಲಾ? ನಾನ್ಯಾವಾಗ ನಕಲು ತೆಗೆದೆ?

ಹೆಂಡತಿ: ನನಗೆ ಬೆನ್ನು ನೋವು ಅಂತ ಅತ್ತೆಗೆ ಹೇಳಿ ಅಂತ ಕಳಿಸಿದೆ. ಸಂಜೆ ನಿಮ್ಮ ಅಂಗಡಿಗೆ ಬಂದ ಗಿರಾಕಿಗಳೆಲ್ಲ ನನಗೆ ಔಷಧಿ ಹೇಳಿದರು.

ಅವಳ ಬೆಳಕಿನ ಪುರಾಣ ಅವನಿಗೆ ಗೊತ್ತಿಲ್ಲದ್ದೇನಲ್ಲ, ರಾತ್ರಿ ಊಟದ ಜೊತೆ ನೆಂಚಿಕೊಳ್ಳಲು ವರ್ಷಗಳಿಂದ ಅದೇ ಇತ್ತು. ಅವಳು ಬೆಳಕಿನ ಕಣಗಳನ್ನು ಒಂದೊಂದಾಗಿ ಕಳಿಸುತ್ತಾಳೆ, ಒಂದೊಂದರ ಮೇಲೂ ಒಂದು ಗುಟ್ಟು ಹೊರಿಸಿ. ಆ ಗುಟ್ಟು ಹೌದು ಎಂಬುದೂ ಅಲ್ಲ, ಇಲ್ಲ ಎಂಬುದೂ ಅಲ್ಲ. ಎರಡೂ ಒಂದು ಹದದಲ್ಲಿ ಬೆರೆತದ್ದು. ದಾರಿಯಲ್ಲಿ ಗಾಜು ಎಷ್ಟೋ ಕಣಗಳನ್ನು ನುಂಗಿಹಾಕುತ್ತದೆ. ಮಾಮೂಲಿ ಫೋನಿನ ಮಾತಾಗಿದ್ದರೆ ನಡುನಡುವೆ ಪೆಟ್ಟಿಗೆ ಕೂರಿಸಿ, ಸೊರಗಿದ ದನಿಯನ್ನು ಜೋರು ಮಾಡಿ ಮುಂದಕ್ಕೆ ಕಳಿಸಬಹುದಿತ್ತು. ಇದಕ್ಕೆ ಅದು ನಡೆಯದು. ಬೆರೆತ ಗುಟ್ಟಿನ ನಕಲು ತೆಗೆಯಲು ಪ್ರಕೃತಿಯ ಒಪ್ಪಿಗೆಯಿಲ್ಲ. ಹೋಗಲಿ, ಏನಿದೆ ಎಂದು ಒಮ್ಮೆ ನೋಡೋಣವೆಂದರೆ, ನೋಡಿದ ಕ್ಷಣಕ್ಕೆ ಹದ ಒಡೆದು ಅದು ಬರಿಯ ಹೌದೋ ಬರಿಯ ಇಲ್ಲವೋ ಆಗಿ ಕೂತುಬಿಡುತ್ತದೆ. ಮದುವೆಯ ಮಾತುಕತೆಯಲ್ಲಿ ಹುಡುಗಿಯನ್ನು ಎಲ್ಲರೆದುರು ಒಪ್ಪಿಗೆಯೇನಮ್ಮಾ ಎಂದು ಕೇಳಿದ ಹಾಗೆ.

ಅವನು ಪಂದ್ಯ ಕಟ್ಟಿದ. ಈಗಲೇ ಒಂದು ಮಾತು ಕೊಡು, ಅಮ್ಮನಿಗೆ ಇದ್ದದ್ದು ಇದ್ದ ಹಾಗೆ ಮುಟ್ಟಿಸುತ್ತೇನೆ, ಮುಟ್ಟಿಸಿದರೆ ಮೂರನೆಯ ಚಿತ್ರ ಹಾರಿಹೋಗಬೇಕು. ಹೆಂಡತಿ ಪೆನ್ನು ಕೆಳಗಿಟ್ಟಳು. ಕೊಡುವ ಮಾತು ಇತ್ತು, ಬೆಳಗಿನಿಂದ ಬಾಕಿ ಉಳಿದಿತ್ತು. ನಾಳೆ ನಿನ್ನ ಭಾಷಣಕ್ಕೆ ನಾನೂ ಬರಲೇ ಎಂದು ಅತ್ತೆ ಇವನ ಕೈಯಲ್ಲೇ ಕೇಳಿ ಕಳಿಸಿದ್ದಳು.

ಹೆಂಡತಿ: ಅತ್ತೆ ಬರಬೇಕು ಅಂತ ನನಗೆ ತುಂಬಾ ಇದೆ. ಹೋದ ವರ್ಷ ಇಡೀ ಸಭೇಲಿ ಎಚ್ಚರ ಇದ್ದೋರು ಅವರೊಬ್ಬರೇ. ಬರಬಾರದು ಅಂತಾನೂ ಅಷ್ಟೇ ಇದೆ. ನಾನು ಉಸಿರು ತಗೊಳ್ಳೋಕೆ ನಿಲ್ಲಿಸಿದಾಗೆಲ್ಲ ಮುಂದಿನ ಸಾಲಿಂದ 'ಹಲೋ, ಮಾತಾಡಿ, ಲೈನ್ ಇದೆ' ಅಂದಿದ್ದೂ ಅವರೇ. ಎರಡೂ ನಿಜ. ಎರಡನ್ನೂ ಒಟ್ಟಿಗೆ ಹೇಳಬೇಕು.

ಗಂಡ: ಅಂದ್ರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ.

ಹೆಂಡತಿ: ಅದೇ. ಆ ದೀಪಾನ ಈ ಕಡೆಗೂ ಇಳಿಸದೆ ಆ ಕಡೆಗೂ ಇಳಿಸದೆ, ಗೋಡೆ ಸಮೇತ ಎತ್ಕೊಂಡು ಹೋಗಿ ಕೊಡಿ.

ಗಂಡ: ಗೋಡೆ ಹೊರೋ ಕೂಲಿ ಯಾರು ಕೊಡ್ತಾರೆ?

ಅವನು ನಗುತ್ತಲೇ ಇಳಿದ. ಕೆಳಗೆ ಅಮ್ಮ ತನ್ನ ಕರಿಯ ಟೆಲಿಫೋನಿನ ಹೊಟ್ಟೆ ಬಿಚ್ಚಿಕೊಂಡು, ಸಣ್ಣ ಬ್ರಷ್ಷಿನಿಂದ ಅದರ ಗಂಟೆಯನ್ನು ಉಜ್ಜುತ್ತ ಕೂತಿದ್ದಳು. ಕುರ್ಚಿಯ ಮೇಲೆ ಇಸ್ತ್ರಿಯಾದ ಬಟ್ಟೆ, ಕುರ್ಚಿಯ ಕೆಳಗೆ ಒರೆಸಿಟ್ಟ ಚಪ್ಪಲಿ. ಉತ್ತರ ಬರುವ ಮೊದಲೇ ಅಮ್ಮ ಅರ್ಧ ಹೊರಟಾಗಿತ್ತು.

ಅಮ್ಮ: ಬಾ. ಬಕೆಟ್ ಎಲ್ಲಿ?

ಗಂಡ: ಯಾವ ಬಕೆಟ್ಟು?

ಅಮ್ಮ: ಮೂರನೇ ಚಿತ್ರದಲ್ಲಿ ಹಿಡ್ಕೊಂಡಿದ್ದೀಯಲ್ಲ, ಅದು.

ಗಂಡ: ನಿನಗ್ಯಾರು ಹೇಳಿದ್ದು ಅದನ್ನ?

ಅಮ್ಮ: ಮೇಲಿನ ಮಾತು ಕೆಳಗೆ ಬೀಳದೆ ಆಕಾಶಕ್ಕೆ ಹಾರುತ್ತಾ? ಅದಿರಲಿ, ಏನಂದ್ಲು?

ಗಂಡ: ನೀನು ಬರಬೇಕು ಅಂತಾನೂ ಇದೆಯಂತೆ, ಬೇಡ ಅಂತಾನೂ ಇದೆಯಂತೆ. ಎರಡೂ ಒಟ್ಟಿಗೆ. ಒಂದು ಹದದಲ್ಲಿ.

ಅಮ್ಮ: ಹದ ನೋಡೋಕೆ ಇದೇನು ಹಿಟ್ಟೇನೋ? ಯಾವುದು ಜಾಸ್ತಿ?

ಗಂಡ: ಅದನ್ನ ಕೇಳೋ ಹಾಗಿಲ್ಲಮ್ಮ. ಕೇಳಿದರೆ ಒಡೆದು ಹೋಗುತ್ತೆ.

ಅಮ್ಮ: ಒಡೆದು ಹೋಗೋಕೆ ಮಡಕೇನಾ? ಹೋಗಲೋ, ಬೇಡವೋ? ಒಂದೇ ಮಾತಲ್ಲಿ ಹೇಳು.

ಆ ದನಿಯನ್ನು ಹಿಂದಿನ ಕಾಲದಲ್ಲಿ ಫೋನು ಮಾಡಿದ ಯಾರೂ ಮರೆತಿರಲಾರರು. ದೊಡ್ಡ ದೊಡ್ಡ ಅಧಿಕಾರಿಗಳು ಆ ದನಿ ಕೇಳಿ ತಮ್ಮ ಸ್ವಂತ ನಂಬರನ್ನೇ ಮರೆತದ್ದುಂಟು. ಮಗ ಎಷ್ಟರವನು? ಅವನ ಕಾಲು ಮೆಟ್ಟಿಲ ಕಡೆಗೆ ತಿರುಗಿತು, ಬಾಯಿ ಅಮ್ಮನ ಕಡೆಗೇ ಉಳಿಯಿತು.

ಗಂಡ: ಬೇಡ ಅನ್ನೋದನ್ನ... ಕೊಂಚ ಗಟ್ಟಿಯಾಗಿ ಹೇಳಿದ ಹಾಗಿತ್ತು.

ಅಮ್ಮ 'ಹೂಂ' ಎಂದಳು. ಇಸ್ತ್ರಿ ಬಟ್ಟೆಯನ್ನು ಮಡಿಕೆ ಮುರಿಯದ ಹಾಗೆ ಎತ್ತಿಕೊಂಡು ಒಳಗಿನ ಕೋಣೆಗೆ ಹೋದಳು. ಬೀರುವಿನ ಬಾಗಿಲು ಮುಚ್ಚಿದ ಸದ್ದು ಇವನ ಹಿಂದೆಯೇ ಮೆಟ್ಟಿಲು ಹತ್ತಿ ಬಂತು.

ಗಂಡ: ಮುಟ್ಟಿಸಿದೆ. ಚಿತ್ರ ತೆಗಿ.

ಹೆಂಡತಿ: ಅತ್ತೆ ಏನಂದ್ರು?

ಗಂಡ: ಹೂಂ ಅಂದ್ಲು.

ಹೆಂಡತಿ: ಉದ್ದದ ಹೂಂ ಅಥವಾ ಗಿಡ್ಡದ್ದು?

ಗಂಡ: ಹೂಂ ಅನ್ನೋದನ್ನ ನಾನು ಟೇಪು ಹಿಡಿದು ಅಳೆದೆನಾ?

ಹೆಂಡತಿ: ಬೀರು ಮುಚ್ಚಿದ ಸದ್ದು ಕೇಳ್ತು ನನಗೆ. ಬೆಳಿಗ್ಗೆ ಎದ್ದು ಇಸ್ತ್ರಿ ಮಾಡಿಟ್ಟ ಬಟ್ಟೆ ಒಳಗೆ ಹೋಯ್ತು, ಅಲ್ವಾ?

ಗಂಡ: ಇಸ್ತ್ರಿ ಮಾಡಿದ್ದು ನಿನಗೆ ಹೇಗೆ ಗೊತ್ತು?

ಹೆಂಡತಿ: ವಾಸನೆ ಮೇಲೆ ಬರುತ್ತೆ. ನೀವು ಬೇಡ ಅಂದ್ರಿ, ಹೌದೋ ಅಲ್ವೋ?

ಅವನು ಬೇಡ ಎಂದಿಲ್ಲವೆಂದೂ, ಬೇಡವೆಂಬುದು ಗಟ್ಟಿಯಾಗಿತ್ತು ಎಂದಷ್ಟೇ ಹೇಳಿದ್ದೆಂದೂ ವಾದಿಸಿದ. ಹೆಂಡತಿಯ ಮುಖ ಇಳಿದದ್ದು ಕಂಡು ವಾದ ಅರ್ಧಕ್ಕೇ ನಿಂತಿತು. ನಾಳೆ ಅಷ್ಟು ಜನರ ಮುಂದೆ ನಿಲ್ಲಬೇಕಾದವಳು ಇಂದು ಕೆಳಗಿನ ಮನೆಯ ಒಬ್ಬಳನ್ನು ನೋಯಿಸಿ ಕೂತಿದ್ದಳು, ಅದೂ ತಾನು ಆಡದ ಮಾತಿನಿಂದ. ಅವಳು ಬಾಯಿ ತೆರೆಯುವಷ್ಟರಲ್ಲಿ, ಈಗಲೇ ಸರಿಮಾಡಿ ಬರುತ್ತೇನೆ ಎಂದು ಮತ್ತೆ ಮೆಟ್ಟಿಲಿಗಿಳಿದ. ನೋವನ್ನು ಕಂಡರೆ ದುಪ್ಪಟ್ಟು ಮುಲಾಮು ಹಚ್ಚುವ ಜಾತಿ ಅವನದು.

ಗಂಡ: ಅಮ್ಮಾ, ನಾನು ಉಲ್ಟಾ ಹೇಳಿದೆ. ನೀನು ಬರಲೇಬೇಕಂತೆ.

ಅಮ್ಮ: ಹಾಗಂದ್ಲಾ?

ಗಂಡ: ನೀನು ಎದುರಿಗೆ ಕೂರದಿದ್ದರೆ ಅವಳಿಗೆ ಮಾತೇ ಹೊರಡಲ್ವಂತೆ.

ಅಮ್ಮ: ನಿಜವಾಗ್ಲೂ?

ಗಂಡ: ನೀನೊಬ್ಬಳೇ ಅಲ್ಲ, ನಿನ್ನಂಥೋರು ನಾಲ್ಕು ಜನ ಇದ್ದಿದ್ದರೆ ಚೆನ್ನಾಗಿತ್ತು ಅಂದ್ಲು.

ಈ ಕೊನೆಯ ಮಾತು ಎಲ್ಲಿಂದ ಬಂತೆಂದು ಅವನಿಗೂ ತಿಳಿಯಲಿಲ್ಲ. ಏರುದಾರಿಯಲ್ಲಿ ಬಂಡಿ ತಳ್ಳುವಾಗ ದಾರಿಹೋಕ ಕೈ ಜೋಡಿಸುವ ಹಾಗೆ ತಾನೇ ಬಂತು. ಅಮ್ಮನ ಮುಖ ಹೊಳೆಯಿತು. ಇವನು ತಡೆಯುವ ಮುಂಚೆ ಮೊಬೈಲು ಕೈಗೆ ಬಂದಿತ್ತು. ಎಕ್ಸ್‌ಚೇಂಜಿನ ಗೆಳತಿಯರಿಗೆ ಒಬ್ಬೊಬ್ಬರಿಗೂ ಅದೇ ಹಳೆಯ ಚುರುಕಿನಲ್ಲಿ ಕರೆ ಹೋಯಿತು: ನಾಳೆ ನನ್ನ ಸೊಸೆ ಮಾತಾಡ್ತಾಳೆ, ನಮ್ಮನ್ನೆಲ್ಲ ಕೇಳಿಕೊಂಡಿದ್ದಾಳೆ, ಮುಂದಿನ ಸಾಲು ಹಿಡಿಯೋಣ.

ಮೇಲೆ ಬಂದು ನಡೆದದ್ದನ್ನು ತಿಳಿಸಿದಾಗ ಹೆಂಡತಿ ನಿಂತವಳು ಕೂತಳು.

ಹೆಂಡತಿ: ಒಬ್ಬರು 'ಹಲೋ, ಮಾತಾಡಿ' ಅಂದಿದ್ದಕ್ಕೇ ಹೋದ ವರ್ಷ ನನಗೆ ಬೆವರು ಕಿತ್ತು ಬಂತು. ಈಗ ಇಡೀ ಎಕ್ಸ್‌ಚೇಂಜೇ ಬರುತ್ತಾ?

ಗಂಡ: ಅಮ್ಮ ಖುಷಿಯಾಗಿದ್ದಾಳೆ.

ಹೆಂಡತಿ: ಆಗಿರ್ತಾರೆ. ನೀವು ನನ್ನ ದೀಪಾನ ಒಂದು ಸಲ ಊದಿ ಆರಿಸಿದ್ರಿ, ಇನ್ನೊಂದು ಸಲ ಗೋಡೆಗೇ ಬೆಂಕಿ ಹಚ್ಚಿದ್ರಿ.

ಗಂಡ: ಹಾಗಾದರೆ ನಿನ್ನ ಗಾಜಿನ ಎಳೇಲಿ ಮಾತ್ರ ಅದು ಹೇಗೆ ಸರಿಯಾಗಿ ಹೋಗುತ್ತೆ? ಅಲ್ಲೂ ಅರ್ಧ ಕಳೆದು ಹೋಗುತ್ತೆ ಅಂತೀಯಲ್ಲ.

ಹೆಂಡತಿಗೆ ಕೋಪ ಬಂದಾಗ ಪಾಠ ಹೇಳಿದರೆ ಕೋಪ ಇಳಿಯುತ್ತದೆಂಬುದು ಅವನಿಗೆ ಅನುಭವದಿಂದ ಗೊತ್ತಿದ್ದ ವಿದ್ಯೆ. ಅವಳು ಹೇಳಿದಳು: ಇಡೀ ಗುಟ್ಟನ್ನು ಒಂದೇ ಕಣದ ತಲೆಗೆ ಕಟ್ಟಿ ಕಳಿಸುವುದಿಲ್ಲ. ಒಂದು ಗುಟ್ಟನ್ನು ಒಂದು ಗುಂಪಿನ ಕಣಗಳಿಗೆ ಹಂಚಿಬಿಡುತ್ತೇವೆ. ಒಂದೊಂದನ್ನು ಹಿಡಿದು ಕೇಳಿದರೆ ಯಾವುದಕ್ಕೂ ಏನೂ ಗೊತ್ತಿರುವುದಿಲ್ಲ. ಎಲ್ಲ ಸೇರಿದರೆ ಮಾತ್ರ ಗೊತ್ತು.

ಗಂಡ: ನಿಮ್ಮ ಸಮಿತಿ ಥರ.

ಹೆಂಡತಿ: ಸಮಿತೀಲಿ ಎಲ್ಲರೂ ಸೇರಿದರೂ ಗೊತ್ತಿರಲ್ಲ. ನಡುವೆ ಬಾಯಿ ಹಾಕಬೇಡಿ. ಆ ಗುಂಪಲ್ಲಿ ಕೆಲವು ದಾರೀಲಿ ಕಳೆದುಹೋಗಲಿ, ಚಿಂತೆ ಇಲ್ಲ. ಉಳಿದವುಗಳಿಂದಲೇ ಗುಟ್ಟನ್ನ ಮತ್ತೆ ಕಟ್ಟಬಹುದು.

ಗಂಡ: ಕಟ್ಟೋಕೆ ಮೊದಲು ಓದಬೇಕಲ್ಲ? ಓದಿದರೆ ಒಡೆಯುತ್ತೆ ಅಂತ ನೀನೇ ಅಂದೆ.

ಹೆಂಡತಿ: ಓದಲ್ಲ. ಹೋಲಿಸಿ ನೋಡ್ತೀವಿ. ನೀವು ಅಂಗಡೀಲಿ ಎರಡು ಗಾಜು ಒಂದರ ಮೇಲೊಂದು ಹಿಡಿದು ಗೋಡೆ ಮೇಲಿನ ಗೆರೆ ನೋಡಲ್ವಾ, ಗೆರೆ ಅಲುಗದಿದ್ದರೆ ಒಂದು ಇನ್ನೊಂದಕ್ಕೆ ಸರಿಸಾಟಿ ಅಂತ? ಆಗ ನಂಬರು ಎಷ್ಟು ಅಂತ ನಿಮಗೆ ಗೊತ್ತಿರುತ್ತಾ?

ಗಂಡ: ಇರಲ್ಲ. ಜೋಡಿ ಹೊಂದುತ್ತಾ ಇಲ್ವಾ, ಅಷ್ಟೇ ಗೊತ್ತಾಗೋದು.

ಹೆಂಡತಿ: ಅಷ್ಟೇ. ನಡುದಾರಿಯ ಠಾಣೇಲಿ ಅಷ್ಟೇ ಕೇಳೋದು. ನೀನ್ಯಾರು ಅಂತ ಕೇಳಲ್ಲ, ಪಕ್ಕದವನ ಜೊತೆ ಹೊಂದ್ಕೊಂಡಿದ್ದೀಯಾ ಅಂತ ಕೇಳ್ತೀವಿ.

ಇಷ್ಟು ಹೇಳುವಷ್ಟರಲ್ಲಿ ಅವಳ ಕೋಪ ಇಳಿದಿತ್ತು, ಉತ್ಸಾಹ ಏರಿತ್ತು. ಆದರೆ ಇದಕ್ಕೆಲ್ಲ ಒಂದು ಷರತ್ತಿದೆ ಎಂದಳು. ಯಾವ ಕಣ ಕಳೆದುಹೋಯಿತೆಂಬುದು ಗೊತ್ತಾಗಬೇಕು. ಗೂಡು ಖಾಲಿಯಿದ್ದರೆ ಖಾಲಿ ಎಂದು ಕಾಣಬೇಕು. ಆಗ ನಷ್ಟವನ್ನು ತುಂಬಿಕೊಳ್ಳುವುದು ಎಷ್ಟೋ ಸುಲಭ. ಖಾಲಿ ಗೂಡಿನಲ್ಲಿ ಯಾರೋ ಎಲ್ಲಿಂದಲೋ ಮರಿ ತಂದು ಕೂರಿಸಿಬಿಟ್ಟರೆ ಕಷ್ಟ.

ಹೆಂಡತಿ: ನಿಮ್ಮ ತಪ್ಪು ಮರೆಯೋದಲ್ಲ ರೀ. ಮರೆತ ಜಾಗದಲ್ಲಿ ಕಾಗೆ ಮರಿ ಕೂರಿಸಿ, ಕೋಗಿಲೆ ಅಂತ ಕೊಟ್ಟು ಬರೋದು. ಮರೆತರೆ ಮರೆತೆ ಅನ್ನಿ. ಒಂದು ಸಲ ಆದರೂ ಅನ್ನಿ. ಮೂರನೇ ಚಿತ್ರ ಆಗಲೇ ತೆಗೆದುಬಿಡ್ತೀನಿ.

ಅವನು ಮೂರನೆಯ ಬಾರಿ ಇಳಿಯಲು ಎದ್ದ. ಈ ಸಲ ಅವಳು ಮಾತನ್ನು ಹೊಸದಾಗಿ ಕಟ್ಟಿಕೊಟ್ಟಳು, ನಿಧಾನವಾಗಿ, ಮಗುವಿನ ಕೈಯಲ್ಲಿ ತುಂಬಿದ ಲೋಟ ಕೊಡುವ ಹಾಗೆ. ಬರಲಿ ಎಂಬುದಕ್ಕೆ ಒಂದು ಕಾರಣ, ಬೇಡ ಎಂಬುದಕ್ಕೆ ಒಂದು ಕಾರಣ, ಎರಡಕ್ಕೂ ಕೆಳಗೆ ಇನ್ನೊಂದು ಮಾತು. ಅವನು ತುಟಿ ಅಲುಗಿಸುತ್ತ ಬಾಯಿಪಾಠ ಮಾಡಿಕೊಂಡು ಹೊರಟ.

ನಡುಮೆಟ್ಟಿಲಿನಲ್ಲಿ ಜೇಬಿನ ಫೋನು ಬಡಿದುಕೊಂಡಿತು. ಸಮಿತಿಯ ಅಧ್ಯಕ್ಷರು. ನಾಳೆ ಕನ್ನಡಕ ಖಂಡಿತ ಸಿಗುತ್ತದೆ ತಾನೇ, ನಿಮ್ಮ ಮನೆಯವರು ಈ ಸಲ ಏನೋ ಚಿತ್ರಗಳನ್ನು ತೋರಿಸುತ್ತಾರಂತೆ, ನೋಡದೆ ಬಿಡುವಂತಿಲ್ಲ ಎಂದರು. ಖಂಡಿತ ಸಾರ್, ಬೆಳಿಗ್ಗೆಯೇ ತಲುಪಿಸುತ್ತೇನೆ ಎಂದು ಇವನು ಹಲ್ಲು ಕಚ್ಚಿ ವಿನಯ ತೋರಿಸಿದ. ಫೋನು ಜೇಬಿಗಿಟ್ಟು ನೋಡುತ್ತಾನೆ, ಲೋಟ ಖಾಲಿ. ಎರಡು ಕಾರಣಗಳಲ್ಲಿ ಯಾವುದು ಯಾವುದರದೆಂಬುದು ಅದಲುಬದಲಾಗಿತ್ತು. ಕೆಳಗಿದ್ದ ಇನ್ನೊಂದು ಮಾತಂತೂ ಹೇಳಹೆಸರಿಲ್ಲದೆ ಹೋಗಿತ್ತು.

ಅವನು ಅಲ್ಲೇ ನಿಂತ. ಹತ್ತಿ ಹೋಗಿ ಮತ್ತೆ ಕೇಳಿದರೆ ಮಾನ ಹೋಗುತ್ತದೆ. ಇಳಿದು ಏನಾದರೂ ಚೆಂದದ್ದು ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. ಚೆಂದದ ಒಂದು ಮಾತು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು, ಕಪ್ಪಗೆ, ರೆಕ್ಕೆ ಬಡಿಯುತ್ತ. ಅದನ್ನು ನುಂಗಿಕೊಂಡು ಇಳಿದ.

ಅಮ್ಮ ಬಟ್ಟೆಯನ್ನು ಮತ್ತೆ ಕುರ್ಚಿಯ ಮೇಲೆ ತಂದಿಟ್ಟು, ಟೆಲಿಫೋನಿನ ಹೊಟ್ಟೆ ಮುಚ್ಚಿ ತಿರುಪು ಬಿಗಿಯುತ್ತಿದ್ದಳು.

ಅಮ್ಮ: ಈಗೇನಂತೆ?

ಗಂಡ: ಮರೆತುಹೋಯ್ತಮ್ಮ.

ಅಮ್ಮ: ಏನಂದೆ?

ಗಂಡ: ಏನೋ ಹೇಳಿ ಕಳಿಸಿದ್ಲು. ದಾರೀಲಿ ಹೋಯ್ತು. ಏನು ಅಂತ ನನಗೆ ಗೊತ್ತಿಲ್ಲ. ಮೊದಲನೇ ಸಲ ಬೇಡ ಅಂದಿದ್ದು, ಎರಡನೇ ಸಲ ಬರಲೇಬೇಕು ಅಂದಿದ್ದು, ಎರಡೂ ನಾನು ಸೇರಿಸಿದ್ದು. ಅವಳು ಅಂದಿದ್ದಲ್ಲ.

ಅಮ್ಮ ತಿರುಪು ಬಿಗಿಯುವುದನ್ನು ನಿಲ್ಲಿಸಿ ಮಗನ ಮುಖವನ್ನು ನೋಡಿದಳು. ಅವನು ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದ. ಬೈಗುಳ ಬರಲಿಲ್ಲ. ಅಮ್ಮ ಟೆಲಿಫೋನಿನ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡು, ಪಕ್ಕದ ಹಿಡಿಯನ್ನು ಗರಗರನೆ ತಿರುಗಿಸಿದಳು. ಮೇಲಿನ ಮನೆಯಲ್ಲಿ, ಪುಸ್ತಕದ ಕಪಾಟಿನೊಳಗಿನಿಂದ, ವಾರಕ್ಕೊಮ್ಮೆ ಇವನು ಧೂಳು ಒರೆಸುತ್ತಿದ್ದ ಸತ್ತ ಫೋನು ಟ್ರಿಣ್ ಎಂದಿತು.

ಅಮ್ಮ: ಹಲೋ. ಈ ಸಲ ಖಾಲಿ ಬಂದಿದ್ದಾನೆ ಕಣೇ. ಹೂಂ, ಬಾಯಿ ಬಿಟ್ಟು ತಾನೇ ಹೇಳಿದ. ನನಗೂ ನಂಬೋಕಾಗ್ತಿಲ್ಲ.

ಗಂಡ: ಅಮ್ಮಾ, ಇದು ಕೆಲಸ ಮಾಡುತ್ತಾ?

ಅಮ್ಮ: (ರಿಸೀವರ್ ಮುಚ್ಚಿ) ನೀನು ಅಂಗಡಿಗೆ ಹೋದ ಮೇಲೆ ದಿನಾ ಮಾಡುತ್ತೆ. ಮೆಟ್ಟಿಲ ಪಕ್ಕ ತಂತಿ ಎಳೆದಿರೋದು ಕಾಣಲ್ವಾ? ಊರಿಗೆಲ್ಲ ಕನ್ನಡಕ ಹಾಕ್ತೀಯಾ.

ಬಕೆಟ್ಟಿನ ಸುದ್ದಿ ಕೆಳಗೆ ಬಿದ್ದದ್ದು, ಇಸ್ತ್ರಿಯ ವಾಸನೆ ಮೇಲೆ ಏರಿದ್ದು, ಎಲ್ಲ ಅವನಿಗೆ ಒಟ್ಟಿಗೇ ಹೊಳೆಯಿತು. ಹೊಳೆದ ಕೂಡಲೇ ಸಿಟ್ಟೂ ಬಂತು. ಇಷ್ಟು ವರ್ಷ ಮಂಡಿ ಸವೆಸಿಕೊಂಡು ಹತ್ತಿ ಇಳಿದದ್ದು ಯಾವ ಪುರುಷಾರ್ಥಕ್ಕೆ?

ಗಂಡ: ತಂತಿ ಇತ್ತು ಅಂದ ಮೇಲೆ ನನ್ನನ್ನ ಯಾಕೆ ಓಡಾಡಿಸಿದ್ರಿ?

ಅಮ್ಮ: ತಂತೀಲಿ ಮಾತು ಬರುತ್ತೆ ಕಣೋ. ನೀನು ಬರಲ್ಲ.

ಅವನು ನಿಂತೇ ಇದ್ದ. ಅಮ್ಮ ತಿರುಪಿನ ಕಡೆ ನೋಡುತ್ತ ಮುಂದುವರಿಸಿದಳು. ಅಂಗಡಿ, ಅಂಗಡಿ ಬಿಟ್ಟರೆ ಮೇಲಿನ ಮನೆ. ಏನಾದರೂ ಹೊತ್ತು ತರುವುದಿದ್ದರೆ ಮಾತ್ರ ಕೆಳಗೆ ಬರುತ್ತಿದ್ದ. ಅದಕ್ಕೇ ಇಬ್ಬರೂ ಸೇರಿ ಹೊರೆ ಕಳಿಸುತ್ತಿದ್ದರು. ಅದು ತಲುಪಿದರೆ ಸರಿ, ತಲುಪದಿದ್ದರೆ ಸಂಜೆಗೆ ತಂತಿ ಇದೆ. ಭಾಷಣಕ್ಕೆ ಬರಬೇಕೋ ಬೇಡವೋ ಎಂಬ ಇದೊಂದು ವಿಷಯ ಮಾತ್ರ ಸೊಸೆ ತಂತಿಯಲ್ಲಿ ಹೇಳಿರಲಿಲ್ಲ, ಅಮ್ಮನೂ ಕೇಳಿರಲಿಲ್ಲ. ಇಬ್ಬರಿಗೂ ಧೈರ್ಯ ಬಂದಿರಲಿಲ್ಲ.

ಅವನು ಕುರ್ಚಿಯ ಮೇಲಿನ ಬಟ್ಟೆಯನ್ನು ಮೆಲ್ಲಗೆ ಸರಿಸಿ ಕೂತ. ಈ ಕುರ್ಚಿಯ ಮೇಲೆ ಕೂತು ಎಷ್ಟು ಕಾಲವಾಗಿತ್ತೋ, ಒಂದು ಕಾಲು ಗಿಡ್ಡ ಎಂಬುದು ಈಗ ತಿಳಿಯಿತು.

ಅಮ್ಮ: (ಫೋನಿನಲ್ಲಿ) ಈಗ ನೀನೇ ಹೇಳೇ ಮಗಳೇ. ಒಂದೇ ಮಾತಲ್ಲಿ ಬೇಡ. ಎಷ್ಟು ಮಾತಾದರೂ ಹೇಳು, ಲೈನ್ ಇದೆ.

ಆ ಕಡೆಯಿಂದ ಬಹಳ ಹೊತ್ತು ಮಾತು ಬಂತು. ಅಮ್ಮ ನಡುವೆ ಒಮ್ಮೆಯೂ ಹಲೋ ಎನ್ನಲಿಲ್ಲ. ಒಮ್ಮೆ ನಕ್ಕಳು, ಒಮ್ಮೆ ಕಣ್ಣೊರೆಸಿಕೊಂಡಳು.

ಅಮ್ಮ: ನನಗೂ ಹಾಗೇ ಇದೆ ಕಣೇ. ಬರಬೇಕು ಅಂತಾನೂ ಇದೆ, ಬಂದರೆ ಬಾಯಿ ಸುಮ್ಮನಿರಲ್ಲ ಅಂತಾನೂ ಇದೆ. ಒಂದು ಕೆಲಸ ಮಾಡೋಣ. ನಾನು ಹಿಂದಿನ ಸಾಲಲ್ಲಿ ಕೂರ್ತೀನಿ, ಗೆಳತಿಯರ ನಡುವೆ. ಎಲ್ಲರಿಗೂ ಬಿಳೀ ತಲೆ, ಎಲ್ಲರಿಗೂ ನಿನ್ನ ಗಂಡನ ಅಂಗಡೀದೇ ಕನ್ನಡಕ. ಒಬ್ಬಿಬ್ಬರು ಬರದೇ ಹೋದರೂ ಪರವಾಗಿಲ್ಲ. ಅವರಲ್ಲಿ ನಾನು ಯಾರು, ಬಂದಿದ್ದೀನಾ ಇಲ್ವಾ, ವೇದಿಕೆ ಮೇಲಿಂದ ನಿನಗೆ ಗೊತ್ತೇ ಆಗಲ್ಲ. ನೀನು ಇಳಿದು ಬಂದು ನೋಡೋವರೆಗೂ ನಾನು ಬಂದೂ ಇರ್ತೀನಿ, ಬರದೇನೂ ಇರ್ತೀನಿ. ಸರಿನಾ?

ಮೇಲಿನಿಂದ ನಗು ಕೇಳಿತು, ಫೋನಿನಲ್ಲೂ ಮೆಟ್ಟಿಲಿನಲ್ಲೂ ಒಟ್ಟಿಗೆ. ಅತ್ತೆ, ನೀವು ಈಗ ಹೇಳಿದ್ದೇ ನನ್ನ ಭಾಷಣದ ಆರನೇ ಚಿತ್ರ ಎನ್ನುತ್ತಿದ್ದಳು ಹೆಂಡತಿ. ಅಮ್ಮ ಇನ್ನೂ ಸ್ವಲ್ಪ ಹೊತ್ತು ಹೂಂಗುಟ್ಟಿ, ಮಗನತ್ತ ಒಂದು ಓರೆನೋಟ ಬೀರಿ, ರಿಸೀವರ್ ಕೆಳಗಿಟ್ಟಳು.

ಗಂಡನಿಗೆ ಎದೆ ಹಗುರವಾಗಿತ್ತು. ಹಗುರವಾದ ಕೂಡಲೇ ಪಂದ್ಯ ನೆನಪಾಯಿತು.

ಗಂಡ: ಮರೆತೆ ಅಂತ ಒಪ್ಪಿಕೊಂಡರೆ ನನ್ನ ಚಿತ್ರ ತೆಗೀತೀನಿ ಅಂದಿದ್ಲು. ತೆಗೀತಾಳಂತಾ?

ಅಮ್ಮ: ಅದನ್ನೇ ಕೊನೇಲಿ ಹೇಳಿದ್ಲು. ನಿನಗೆ ಮುಟ್ಟಿಸಿ ಅಂತ ನನಗೇ ಒಪ್ಪಿಸಿದ್ಲು.

ಗಂಡ: ಏನಂದ್ಲು?

ಅಮ್ಮ ಟೆಲಿಫೋನಿನ ಮೇಲೆ ಬಟ್ಟೆ ಹೊದಿಸಿ, ಅದರ ನಾಲ್ಕೂ ಮೂಲೆ ಎಳೆದು ಸರಿಮಾಡಿದಳು.

ಅಮ್ಮ: ಮರೆತುಹೋಯ್ತು ಕಣೋ.